ಲಾಭಾಂಶದ ಷೇರುಗಳ ಆಯ್ಕೆ: ಇಳುವರಿಯ ಅಂಕಿಗಿಂತ ಅದರ ಮೂಲ ಮುಖ್ಯ

ಬ್ಯಾಂಕ್ ಠೇವಣಿಗಳ ಬಡ್ಡಿ ದರ ಇಳಿಮುಖವಾದಾಗಲೆಲ್ಲ ಮಧ್ಯಮ ವರ್ಗದ ಉಳಿತಾಯಗಾರರ ದೃಷ್ಟಿ ಷೇರು ಪೇಟೆಯತ್ತ ಹೊರಳುವುದು ವಾಡಿಕೆ. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿ ಮತ್ತು ಡಿಸೆಂಬರ್ ನಡುವೆ ನಾಲ್ಕು ಬಾರಿ ರೆಪೊ ದರವನ್ನು ಕಡಿತಗೊಳಿಸಿ, ಶೇ. 6.50ರಿಂದ ಶೇ. 5.25ಕ್ಕೆ ಇಳಿಸಿತು. ಅದರ ಬೆನ್ನಲ್ಲೇ ಠೇವಣಿಗಳ ಬಡ್ಡಿಯೂ ತಗ್ಗಿತು. ನಿವೃತ್ತಿಯ ವೇಳೆ ಕೈಸೇರಿದ ಇಡುಗಂಟನ್ನು ಬ್ಯಾಂಕಿನಲ್ಲಿಟ್ಟು, ಬರುವ ಬಡ್ಡಿಯಲ್ಲಿ ಸಂಸಾರ ತೂಗಿಸುವವರಿಗೆ ಇದು ನೇರವಾಗಿ ತಟ್ಟುವ ಪೆಟ್ಟು. ಇಂಥ ಹೊತ್ತಿನಲ್ಲಿಯೇ ‘ಅತಿ ಹೆಚ್ಚು ಇಳುವರಿಯ ಹತ್ತು ಷೇರುಗಳು’ ಎಂಬಂಥ ಪಟ್ಟಿಗಳು ಮೊಬೈಲ್‌ಗಳಲ್ಲಿ ಹರಿದಾಡತೊಡಗುತ್ತವೆ.

ಲಾಭಾಂಶ ಅಥವಾ ಡಿವಿಡೆಂಡ್ ಮೂಲಕ ಕುಳಿತಲ್ಲಿಗೇ ಆದಾಯ ಪಡೆಯುವ ಮಾರ್ಗ ಸುಳ್ಳೇನಲ್ಲ. ಹಲವು ಕುಟುಂಬಗಳು ಇದರ ಫಲವನ್ನು ಎರಡು ಮೂರು ತಲೆಮಾರುಗಳಿಂದ ಅನುಭವಿಸಿಕೊಂಡು ಬಂದಿವೆ. ಆದರೆ ಲಾಭಾಂಶವೆಂಬುದು ಬಡ್ಡಿಯಲ್ಲ. ಬಡ್ಡಿ ಕೊಡುವುದು ಬ್ಯಾಂಕಿನ ಕರಾರು, ಲಾಭಾಂಶ ಕೊಡುವುದು ಕಂಪೆನಿಯ ಇಚ್ಛೆ. ಪಟ್ಟಿಯ ಮೊದಲ ಸಾಲಿನಲ್ಲಿರುವ ಷೇರನ್ನು ಕೊಳ್ಳುವ ಮುನ್ನ ಆ ಹಣ ಎಲ್ಲಿಂದ ಬರುತ್ತಿದೆ, ಮುಂದೆಯೂ ಬರುವುದೇ ಎಂಬುದನ್ನು ವಿಚಾರಿಸದಿದ್ದರೆ ಆದಾಯದ ಜತೆಗೆ ಅಸಲೂ ಕರಗುವ ಅಪಾಯವುಂಟು.

ಕಾನೂನು ಏನು ಹೇಳುತ್ತದೆ?

2013ರ ಕಂಪೆನಿ ಕಾಯ್ದೆಯನ್ವಯ, ಸವಕಳಿಯನ್ನು ಕಳೆದು ಉಳಿಯುವ ಆ ವರ್ಷದ ಲಾಭದಿಂದ ಇಲ್ಲವೇ ಹಿಂದಿನ ವರ್ಷಗಳಲ್ಲಿ ಹಂಚದೆ ಉಳಿಸಿದ ಲಾಭದಿಂದ ಲಾಭಾಂಶ ಘೋಷಿಸಬಹುದು. ಲಾಭ ಸಾಲದಾದಾಗ ಸಂಚಿತ ನಿಧಿಯಿಂದ ನೀಡುವುದಕ್ಕೂ ಅವಕಾಶವಿದೆಯಾದರೂ ಅದಕ್ಕೆ ಬಿಗಿ ಷರತ್ತುಗಳಿವೆ. ಹಣಕಾಸು ವರ್ಷದ ನಡುವೆ ನಿರ್ದೇಶಕ ಮಂಡಳಿ ತಾನೇ ಘೋಷಿಸುವುದು ಮಧ್ಯಂತರ ಲಾಭಾಂಶ. ವರ್ಷದ ಲೆಕ್ಕಪತ್ರ ಸಿದ್ಧವಾದ ಮೇಲೆ ಮಂಡಳಿ ಶಿಫಾರಸು ಮಾಡಿ, ವಾರ್ಷಿಕ ಮಹಾಸಭೆಯಲ್ಲಿ ಷೇರುದಾರರು ಅನುಮೋದಿಸುವುದು ಅಂತಿಮ ಲಾಭಾಂಶ. ಮಹಾಸಭೆಯು ಶಿಫಾರಸಾದ ಮೊತ್ತವನ್ನು ಇಳಿಸಬಹುದೇ ಹೊರತು ಏರಿಸುವಂತಿಲ್ಲ. ಘೋಷಣೆಯಾದ 30 ದಿನಗಳೊಳಗೆ ಹಣ ಸಂದಾಯವಾಗಬೇಕು.

ಅಂದರೆ, ಘೋಷಿಸಿದ ಲಾಭಾಂಶ ಕಂಪೆನಿಯ ಪಾಲಿಗೆ ತೀರಿಸಲೇಬೇಕಾದ ಋಣ. ಘೋಷಿಸುವ ಮುನ್ನ ಅದಕ್ಕೆ ಯಾವ ಹೊಣೆಯೂ ಇಲ್ಲ. ಕೈಯಲ್ಲಿ ಲಾಭವಿದ್ದರೂ ಲಾಭಾಂಶ ಬಾರದೆ ಹೋಗಬಹುದು ಎಂಬುದಕ್ಕೆ 2020ನೇ ವರ್ಷ ಸಾಕ್ಷಿ. ಕೋವಿಡ್ ಸಂಕಷ್ಟದ ಹಿನ್ನೆಲೆಯಲ್ಲಿ ರಿಸರ್ವ್ ಬ್ಯಾಂಕ್ ಆ ವರ್ಷದ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ, 2019-20ರ ಲಾಭದಿಂದ ಇನ್ನು ಮುಂದೆ ಲಾಭಾಂಶ ನೀಡಬಾರದೆಂದು ಎಲ್ಲ ಬ್ಯಾಂಕುಗಳಿಗೆ ಸೂಚಿಸಿತು. ಸುಭದ್ರ ಬ್ಯಾಂಕುಗಳ ಷೇರುದಾರರೂ ಆ ವರ್ಷ ಬರಿಗೈಯಲ್ಲಿ ಉಳಿದರು. ಮಾರನೆಯ ವರ್ಷ ಮಿತಿಯೊಂದಿಗೆ ಅನುಮತಿ ದೊರೆಯಿತು.

ಶೇಕಡಾವಾರು ಲೆಕ್ಕದ ಗೊಂದಲ

‘ಶೇ. 1435 ಲಾಭಾಂಶ’ ಎಂಬ ಶೀರ್ಷಿಕೆ ಕಂಡೊಡನೆ ಹಾಕಿದ ಹಣ ಹದಿನಾಲ್ಕು ಪಟ್ಟಾಯಿತೆಂದು ಭಾವಿಸುವವರು ಈಗಲೂ ಇದ್ದಾರೆ. ಈ ಶೇಕಡಾವಾರು ಲೆಕ್ಕ ಷೇರಿನ ಮುಖಬೆಲೆಯ ಮೇಲಿನದು, ಪೇಟೆ ಬೆಲೆಯ ಮೇಲಿನದಲ್ಲ. ಐಟಿಸಿ ಕಂಪೆನಿಯ ಷೇರಿನ ಮುಖಬೆಲೆ 1 ರೂಪಾಯಿ. 2024-25ನೇ ಸಾಲಿಗೆ ಅದು ನೀಡಿದ ಒಟ್ಟು ಲಾಭಾಂಶ 14.35 ರೂ. ಮುಖಬೆಲೆಯ ಲೆಕ್ಕದಲ್ಲಿ ಇದು ಶೇ. 1435. ಆದರೆ 2025ರ ಮಧ್ಯಭಾಗದಲ್ಲಿ ಆ ಷೇರಿನ ಪೇಟೆ ಬೆಲೆ 400 ರೂ. ದಾಟಿತ್ತು. ಆ ಬೆಲೆಗೆ ಕೊಂಡವರಿಗೆ ದಕ್ಕಿದ್ದು ಸುಮಾರು ಶೇ. 3.5. ಇದನ್ನೇ ಲಾಭಾಂಶ ಇಳುವರಿ ಎನ್ನುತ್ತಾರೆ: ವಾರ್ಷಿಕ ಲಾಭಾಂಶವನ್ನು ಷೇರಿನ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಅಂಕಿ.

ಮುಖಬೆಲೆ ಬದಲಾದಾಗ ಗೊಂದಲ ಇನ್ನೊಂದು ಬಗೆಯದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೆನರಾ ಬ್ಯಾಂಕ್ 2023-24ನೇ ಸಾಲಿಗೆ 10 ರೂ. ಮುಖಬೆಲೆಯ ಷೇರಿಗೆ 16.10 ರೂ. ಲಾಭಾಂಶ ಪ್ರಕಟಿಸಿತು. 2024ರ ಮೇ ತಿಂಗಳಲ್ಲಿ ಪ್ರತಿ ಷೇರನ್ನೂ 2 ರೂ. ಮುಖಬೆಲೆಯ ಐದು ಷೇರುಗಳಾಗಿ ಸೀಳಲಾಯಿತು. ಮರುವರ್ಷದ ಲಾಭಾಂಶ ಷೇರೊಂದಕ್ಕೆ 4 ರೂ. ಮೇಲ್ನೋಟಕ್ಕೆ 16ರಿಂದ 4ಕ್ಕೆ ಕುಸಿದಂತೆ ಕಂಡರೂ, ಹಳೆಯ ಒಂದು ಷೇರಿನ ಜಾಗದಲ್ಲಿ ಈಗ ಐದು ಇರುವುದರಿಂದ ಕೈಗೆ ಬಂದದ್ದು 20 ರೂ. ಹಳೆಯ ಅಂಕಿಗಳನ್ನು ಹೋಲಿಸುವಾಗ ಷೇರು ಸೀಳಿಕೆ ಮತ್ತು ಬೋನಸ್ ಷೇರುಗಳನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ ತೀರ್ಮಾನ ತಲೆಕೆಳಗಾಗುತ್ತದೆ.

ಎತ್ತರದ ಇಳುವರಿ, ಆಳದ ಗುಂಡಿ

ಇಳುವರಿ ಎರಡು ಕಾರಣಗಳಿಂದ ಏರುತ್ತದೆ. ಲಾಭಾಂಶ ಹೆಚ್ಚಾದರೆ ಒಂದು, ಷೇರಿನ ಬೆಲೆ ಬಿದ್ದರೆ ಇನ್ನೊಂದು. ಪಟ್ಟಿ ಮಾಡುವವರು ಈ ಎರಡನ್ನೂ ಬೇರ್ಪಡಿಸಿ ಹೇಳುವುದಿಲ್ಲ. ಕಂಪೆನಿಯ ಭವಿಷ್ಯದ ಬಗ್ಗೆ ಪೇಟೆಗೆ ಅನುಮಾನ ಬಂದು ಬೆಲೆ ಅರ್ಧಕ್ಕಿಳಿದರೆ, ಕಳೆದ ವರ್ಷದ ಲಾಭಾಂಶದ ಮೇಲೆ ಲೆಕ್ಕ ಹಾಕಿದ ಇಳುವರಿ ಕಾಗದದ ಮೇಲೆ ಇಮ್ಮಡಿಯಾಗುತ್ತದೆ. ಮುಂದಿನ ವರ್ಷ ಲಾಭಾಂಶವೂ ಇಳಿದಾಗಲಷ್ಟೇ ಸತ್ಯ ಹೊರಬೀಳುತ್ತದೆ.

ವೇದಾಂತ ಕಂಪೆನಿಯ ಉದಾಹರಣೆ ಇಲ್ಲಿ ಉಪಯುಕ್ತ. 2022-23ರಲ್ಲಿ ಅದು ಐದು ಕಂತುಗಳಲ್ಲಿ ಮಧ್ಯಂತರ ಲಾಭಾಂಶ ನೀಡಿತು. ಒಟ್ಟು ಮೊತ್ತ ಷೇರೊಂದಕ್ಕೆ 101.50 ರೂ. ಆಗ ಷೇರಿನ ಬೆಲೆ ಇದ್ದದ್ದು 300 ರೂ. ಆಸುಪಾಸು. ಇಳುವರಿ ಶೇ. 30ನ್ನೂ ಮೀರಿತ್ತು. ಅದರ ಅಂಗಸಂಸ್ಥೆ ಹಿಂದೂಸ್ತಾನ್ ಜಿಂಕ್ ಅದೇ ವರ್ಷ ಷೇರೊಂದಕ್ಕೆ 75.50 ರೂ. ಹಂಚಿತು. ಲಂಡನ್ನಿನಲ್ಲಿ ನೆಲೆಗೊಂಡ ಮಾತೃಸಂಸ್ಥೆಗೆ ಸಾಲ ತೀರಿಸಲು ದೊಡ್ಡ ಮೊತ್ತ ಬೇಕಾಗಿದ್ದುದು ಪೇಟೆಯಲ್ಲಿ ಗುಟ್ಟಾಗಿರಲಿಲ್ಲ. ಮರುವರ್ಷ, ಅಂದರೆ 2023-24ರಲ್ಲಿ, ವೇದಾಂತದ ಲಾಭಾಂಶ 29.50 ರೂ.ಗೆ, ಹಿಂದೂಸ್ತಾನ್ ಜಿಂಕ್‌ನದು 13 ರೂ.ಗೆ ಇಳಿಯಿತು. 2023ರ ಜನವರಿಯಲ್ಲಿ 300 ರೂ. ಮೇಲಿದ್ದ ವೇದಾಂತ ಷೇರು ಸೆಪ್ಟೆಂಬರ್ ಹೊತ್ತಿಗೆ 220 ರೂ. ಆಸುಪಾಸಿಗೆ ಬಂದಿತ್ತು.

ಇಲ್ಲಿ ಮೋಸವೇನೂ ನಡೆಯಲಿಲ್ಲ. ಪ್ರತಿ ಕಂತೂ ಕಾನೂನುಬದ್ಧವಾಗಿಯೇ ಘೋಷಣೆಯಾಯಿತು, ಎಲ್ಲ ಷೇರುದಾರರಿಗೂ ಸಮನಾಗಿ ತಲುಪಿತು. ನಂತರದ ವರ್ಷಗಳಲ್ಲಿ ಷೇರಿನ ಬೆಲೆ ಚೇತರಿಸಿಕೊಂಡಿತು ಕೂಡ. ಆದರೆ ಶೇ. 30ರ ಇಳುವರಿ ವರ್ಷವರ್ಷವೂ ಬರುವುದೆಂದು ನಂಬಿ ಮನೆಯ ಖರ್ಚಿನ ಲೆಕ್ಕ ಹಾಕಿದವರ ಪಾಡೇನು? ಬಿತ್ತನೆಯ ಭತ್ತವನ್ನು ಕುಟ್ಟಿ ಉಂಡ ವರ್ಷ ಹೊಟ್ಟೆ ತುಂಬಿರುತ್ತದೆ. ಕಣಜ ನೋಡಬೇಕಾದದ್ದು ಮರುವರ್ಷ.

ಕೋಲ್ ಇಂಡಿಯಾದ ಕಥೆ ಇನ್ನಷ್ಟು ಬೋಧಪ್ರದ, ಏಕೆಂದರೆ ಅದರಲ್ಲಿ ಎರಡೂ ಮುಖಗಳಿವೆ. 2010ರ ನವೆಂಬರ್‌ನಲ್ಲಿ 245 ರೂ. ದರದಲ್ಲಿ ಪೇಟೆಗೆ ಬಂದ ಈ ಸರ್ಕಾರಿ ಕಂಪೆನಿ, 2014ರ ಜನವರಿಯಲ್ಲಿ ಒಂದೇ ಕಂತಿನಲ್ಲಿ ಷೇರಿಗೆ 29 ರೂ. ಮಧ್ಯಂತರ ಲಾಭಾಂಶ ಘೋಷಿಸಿ ಹೆಸರಾಯಿತು. 2015ರಲ್ಲಿ ಬೆಲೆ 400 ರೂ. ದಾಟಿತು. 2015-16ರಲ್ಲಿ 27.40 ರೂ. ಇದ್ದ ಲಾಭಾಂಶ 2019-20ರ ಹೊತ್ತಿಗೆ 12 ರೂ.ಗೆ ಕುಗ್ಗಿತು. 2020ರ ಕೊನೆಯ ತಿಂಗಳುಗಳಲ್ಲಿ ಷೇರು 150 ರೂ.ಗಿಂತ ಕೆಳಗೆ ವ್ಯವಹಾರ ಕಂಡಿತು. ಕಲ್ಲಿದ್ದಲಿಗೆ ಭವಿಷ್ಯವಿಲ್ಲವೆಂಬುದು ಆಗಿನ ಸಾಮಾನ್ಯ ಅಭಿಪ್ರಾಯ. 400 ರೂ. ಕೊಟ್ಟು ಕೊಂಡವರ ಅಸಲು ಮೂರರಲ್ಲಿ ಎರಡು ಪಾಲು ಕರಗಿತ್ತು. ಆದರೆ ವಿದ್ಯುತ್ ಬೇಡಿಕೆ ಏರಿ ಕಂಪೆನಿಯ ಗಳಿಕೆ ಚೇತರಿಸಿಕೊಂಡಾಗ ಚಿತ್ರ ಬದಲಾಯಿತು. 2023-24ರಲ್ಲಿ ಲಾಭಾಂಶ 25.50 ರೂ. 2020ರಲ್ಲಿ 150 ರೂ.ಗೆ ಕೊಂಡಿದ್ದವರಿಗೆ ತಾವು ತೆತ್ತ ಬೆಲೆಯ ಮೇಲೆ ಇದು ಶೇ. 17. ಕಂಪೆನಿ ಒಂದೇ, ಕೊಂಡ ಬೆಲೆ ಬೇರೆ. ಕಲ್ಲಿದ್ದಲು, ಲೋಹ, ತೈಲದಂಥ ಸರಕುಗಳ ಕಂಪೆನಿಗಳಲ್ಲಿ ಲಾಭಾಂಶವು ಸರಕಿನ ಧಾರಣೆಯೊಂದಿಗೆ ಏರಿಳಿಯುತ್ತದೆ ಎಂಬುದನ್ನು ಮನೆಯ ಖರ್ಚಿಗಾಗಿ ಹೂಡುವವರು ವಿಶೇಷವಾಗಿ ಗಮನಿಸಬೇಕು.

ಪರಿಶೀಲಿಸಬೇಕಾದ ಸಂಗತಿಗಳು

ಹಾಗಾದರೆ ನೋಡಬೇಕಾದದ್ದು ಏನನ್ನು? ಮೊದಲನೆಯದು ಹಂಚಿಕೆ ಅನುಪಾತ. ಕಂಪೆನಿಯೊಂದು ಷೇರಿಗೆ 20 ರೂ. ಗಳಿಸಿ 10 ರೂ. ಹಂಚಿದರೆ ಅನುಪಾತ ಶೇ. 50. ಗಳಿಕೆ ಸ್ವಲ್ಪ ಇಳಿದರೂ ಅದು 10 ರೂ. ಕೊಡುತ್ತಾ ಹೋಗಬಹುದು. 20 ಗಳಿಸಿ 19 ಹಂಚುವ ಕಂಪೆನಿಗೆ ಆ ಅನುಕೂಲವಿಲ್ಲ. 20 ಗಳಿಸಿ 25 ಹಂಚುತ್ತಿದ್ದರೆ ಹಳೆಯ ಉಳಿತಾಯ ಅಥವಾ ಸಾಲ ಬಳಕೆಯಾಗುತ್ತಿದೆ ಎಂದೇ ಅರ್ಥ. ಆದರೂ ಇದಕ್ಕೆ ಒಂದೇ ಮಾನದಂಡ ಸಲ್ಲದು. ಹೊಸ ಕಾರ್ಖಾನೆ ಕಟ್ಟುವ ಅಗತ್ಯ ಹೆಚ್ಚಿಲ್ಲದ ಸಾಬೂನು, ಹಲ್ಲುಜ್ಜುವ ಪೇಸ್ಟ್, ಸಾಫ್ಟ್‌ವೇರ್ ಕಂಪೆನಿಗಳು ಲಾಭದ ಬಹುಪಾಲನ್ನು ಹಂಚಿಯೂ ಬೆಳೆಯಬಲ್ಲವು. ಉಕ್ಕು, ಸಿಮೆಂಟ್ ಕಂಪೆನಿ ಅದೇ ಪ್ರಮಾಣದಲ್ಲಿ ಹಂಚಿದರೆ ಕುಲುಮೆ ಹಳತಾದಾಗ ಸಾಲಕ್ಕೆ ಕೈಚಾಚಬೇಕಾಗುತ್ತದೆ.

ಎರಡನೆಯದು ನಗದು ಹರಿವು. ಲಾಭ ಎಂಬುದು ಲೆಕ್ಕಪತ್ರದ ಅಂಕಿ, ಲಾಭಾಂಶ ಕೊಡುವುದು ರೊಕ್ಕದಲ್ಲಿ. ಮಾರಾಟವಾಗಿ ಹಣ ಬಾರದೆ ಬಾಕಿ ಉಳಿದಿದ್ದರೂ ಲಾಭ ದಾಖಲಾಗುತ್ತದೆ. ಆದ್ದರಿಂದ ವಾರ್ಷಿಕ ವರದಿಯ ನಗದು ಹರಿವಿನ ಪಟ್ಟಿಯನ್ನು ತೆರೆದು, ವ್ಯವಹಾರದಿಂದ ಬಂದ ಹಣದಲ್ಲಿ ಯಂತ್ರ, ಕಟ್ಟಡಗಳ ಖರ್ಚು ಕಳೆದು ಉಳಿದದ್ದು ಲಾಭಾಂಶದ ಮೊತ್ತಕ್ಕಿಂತ ಹೆಚ್ಚಿದೆಯೇ ಎಂದು ನೋಡಬೇಕು. ಐದಾರು ವರ್ಷಗಳ ಅಂಕಿಗಳನ್ನು ಸಾಲಾಗಿ ಬರೆದುಕೊಂಡರೆ ಸಾಕು, ಲೆಕ್ಕಪರಿಶೋಧಕರ ನೆರವೇನೂ ಬೇಕಿಲ್ಲ. ಜತೆಗೆ ಸಾಲದ ಹೊರೆ ಮತ್ತು ಪ್ರವರ್ತಕರು ಅಡವಿಟ್ಟಿರುವ ಷೇರುಗಳ ಪ್ರಮಾಣವನ್ನೂ ಗಮನಿಸುವುದು ಒಳಿತು. ಬ್ಯಾಂಕುಗಳಿಗೆ ಈ ಪರೀಕ್ಷೆ ಹೊಂದದು. ಅಲ್ಲಿ ವಸೂಲಾಗದ ಸಾಲ ಹಾಗೂ ಬಂಡವಾಳ ಪರ್ಯಾಪ್ತತೆಯ ಅನುಪಾತವೇ ಮುಖ್ಯ. 2018-19ನೇ ಸಾಲಿಗೆ ಷೇರಿಗೆ 2 ರೂ. ಲಾಭಾಂಶ ನೀಡಿದ್ದ ಯೆಸ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೊಳಗಾಯಿತು ಎಂಬುದು ನೆನಪಿರಲಿ.

ಮೂರನೆಯದು ವಿಶೇಷ ಲಾಭಾಂಶ. ಟಿಸಿಎಸ್ 2024-25ನೇ ಸಾಲಿಗೆ ನೀಡಿದ ಒಟ್ಟು 126 ರೂ.ಗಳಲ್ಲಿ 66 ರೂ. ವಿಶೇಷ ಲಾಭಾಂಶವಾಗಿತ್ತು. ಇನ್ಫೋಸಿಸ್ 2023-24ರಲ್ಲಿ ಕೊಟ್ಟ 46 ರೂ.ಗಳಲ್ಲಿ 8 ರೂ. ಇಂಥದ್ದು. ಇವನ್ನು ಸೇರಿಸಿ ಲೆಕ್ಕ ಹಾಕಿದ ಇಳುವರಿಯನ್ನು ಖಾಯಂ ಆದಾಯವೆಂದು ಭಾವಿಸಬಾರದು.

ಕಂಪೆನಿಯ ಮನೋಧರ್ಮ ತಿಳಿಯಲು ಒಂದು ಅಧಿಕೃತ ದಾಖಲೆಯೇ ಇದೆ. ಲಾಭಾಂಶ ಹಂಚಿಕೆ ನೀತಿಯನ್ನು ಪ್ರಕಟಿಸುವುದನ್ನು ಸೆಬಿ 2016ರಲ್ಲಿ ಮಾರುಕಟ್ಟೆ ಮೌಲ್ಯದ ದೃಷ್ಟಿಯಿಂದ ಮೊದಲ 500 ಕಂಪೆನಿಗಳಿಗೆ ಕಡ್ಡಾಯಗೊಳಿಸಿತು. 2021ರಲ್ಲಿ ಇದನ್ನು ಮೊದಲ 1,000 ಕಂಪೆನಿಗಳಿಗೆ ವಿಸ್ತರಿಸಲಾಯಿತು. ಕೆಲವರ ನೀತಿಪತ್ರ ವಕೀಲರ ಭಾಷೆಯಲ್ಲಿ ಏನನ್ನೂ ಹೇಳದೆ ಜಾರಿಕೊಳ್ಳುತ್ತದೆ. ಕೆಲವರು ಸ್ಪಷ್ಟ ಅಂಕಿ ಕೊಡುತ್ತಾರೆ. ಐದು ವರ್ಷಗಳ ಅವಧಿಯಲ್ಲಿ ತನ್ನ ಮುಕ್ತ ನಗದಿನ ಸುಮಾರು ಶೇ. 85ನ್ನು ಲಾಭಾಂಶ ಮತ್ತು ಷೇರು ಮರುಖರೀದಿಯ ಮೂಲಕ ಹಿಂದಿರುಗಿಸುವುದಾಗಿ ಇನ್ಫೋಸಿಸ್ ಹೇಳಿಕೊಂಡಿದೆ.

ಕೇಂದ್ರ ಸರ್ಕಾರಿ ಕಂಪೆನಿಗಳಿಗೆ ಸರ್ಕಾರದ್ದೇ ಕಟ್ಟಳೆಯಿದೆ. 2024ರ ನವೆಂಬರ್‌ನಲ್ಲಿ ಪರಿಷ್ಕೃತವಾದ ಮಾರ್ಗಸೂಚಿಯ ಪ್ರಕಾರ ನಿವ್ವಳ ಲಾಭದ ಶೇ. 30 ಅಥವಾ ನಿವ್ವಳ ಮೌಲ್ಯದ ಶೇ. 4, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಕನಿಷ್ಠ ಲಾಭಾಂಶವಾಗಿ ನೀಡಬೇಕು. ಬೊಕ್ಕಸಕ್ಕೆ ಹಣ ಬೇಕಾದಾಗ ಸರ್ಕಾರ ಇನ್ನಷ್ಟು ಕೇಳುವುದೂ ಉಂಟು. ಸಣ್ಣ ಷೇರುದಾರನಿಗೆ ಇದು ಅನುಕೂಲವೇ ಸರಿ. ಆದರೆ ಬೆಲೆ ನಿಗದಿ, ಸಬ್ಸಿಡಿ ಹೊರೆಗಳನ್ನು ತೀರ್ಮಾನಿಸುವುದೂ ಅದೇ ಸರ್ಕಾರ ಎಂಬುದನ್ನು ಮರೆಯುವಂತಿಲ್ಲ.

ಇಂದಿನ ಇಳುವರಿಯೋ, ನಾಳಿನ ಬೆಳೆಯೋ?

ಇಪ್ಪತ್ತು ವರ್ಷಗಳ ದೃಷ್ಟಿಯಿಂದ ಹೂಡುವವರಿಗೆ ಇಂದಿನ ಇಳುವರಿಗಿಂತ ಲಾಭಾಂಶದ ಬೆಳವಣಿಗೆ ಹೆಚ್ಚು ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ಎಚ್‌ಎಎಲ್, 2018ರ ಮಾರ್ಚ್‌ನಲ್ಲಿ 1,215 ರೂ. ದರದಲ್ಲಿ ಸಾರ್ವಜನಿಕರಿಗೆ ಷೇರು ನೀಡಿದಾಗ ಉತ್ಸಾಹ ಅಷ್ಟಕ್ಕಷ್ಟೇ ಇತ್ತು. ಷೇರು ನೀಡಿಕೆ ಬೆಲೆಗಿಂತ ಕೆಳಗೆ ವಹಿವಾಟು ಆರಂಭಿಸಿತು. 2023ರಲ್ಲಿ ಅದನ್ನು ಎರಡಾಗಿ ಸೀಳಿದ್ದರಿಂದ ಮೂಲ ಹೂಡಿಕೆದಾರನ ಬೆಲೆ 607.50 ರೂ. ಆಯಿತು. 2024-25ನೇ ಸಾಲಿನ ಲಾಭಾಂಶ 40 ರೂ. ಅವನ ಪಾಲಿಗೆ ಇಳುವರಿ ಸುಮಾರು ಶೇ. 6.6. ಅದೇ ಷೇರನ್ನು 2025ರ ದ್ವಿತೀಯಾರ್ಧದಲ್ಲಿ 4,000 ರೂ.ಗೂ ಮೇಲ್ಪಟ್ಟ ಬೆಲೆಗೆ ಕೊಂಡವರಿಗೆ ಶೇ. 1 ಕೂಡ ಇಲ್ಲ. ಪಟ್ಟಿಗಳಲ್ಲಿ ಕಾಣುವುದು ಈ ಎರಡನೆಯ ಅಂಕಿ ಮಾತ್ರ.

ಇನ್ಫೋಸಿಸ್‌ನ ಲೆಕ್ಕ ಕನ್ನಡಿಗರಿಗೆ ಪರಿಚಿತವೇ ಆದರೂ ಲಾಭಾಂಶದ ಕೋನದಿಂದ ನೋಡಿದವರು ಕಡಿಮೆ. 1993ರಲ್ಲಿ 95 ರೂ. ದರದಲ್ಲಿ ಬಂದ ಷೇರಿಗೆ ಜನರಿಂದ ಪೂರ್ಣ ಬೇಡಿಕೆ ಸಹ ಬರಲಿಲ್ಲ. ಆಗ 9,500 ರೂ. ಹಾಕಿ 100 ಷೇರು ಪಡೆದು ಇಂದಿಗೂ ಮಾರದೆ ಇಟ್ಟುಕೊಂಡವರ ಬಳಿ, ಎಂಟು ಬಾರಿಯ ಬೋನಸ್ ಮತ್ತು ಒಂದು ಸೀಳಿಕೆಯ ನಂತರ 1,02,400 ಷೇರುಗಳಿವೆ. 2024-25ರ ಲಾಭಾಂಶ ಷೇರಿಗೆ 43 ರೂ. ಒಟ್ಟು 44,03,200 ರೂಪಾಯಿ, ಒಂದೇ ವರ್ಷಕ್ಕೆ. ಆರಂಭದ ವರ್ಷಗಳಲ್ಲಿ ಆ ಷೇರಿನ ಇಳುವರಿ ನಗಣ್ಯವಾಗಿತ್ತು. ಯಾವ ‘ಹೆಚ್ಚು ಇಳುವರಿ’ ಪಟ್ಟಿಯಲ್ಲೂ ಅದು ಸೇರುವಂತಿರಲಿಲ್ಲ. ಆದರೆ ಇದೇ ಹುಮ್ಮಸ್ಸಿನಲ್ಲಿ ಹಾರಬಾರದು. ಅದೇ 1990ರ ದಶಕದಲ್ಲಿ ಜನರಿಂದ ಹಣ ಎತ್ತಿ ವಿಳಾಸವಿಲ್ಲದೆ ಹೋದ ಕಂಪೆನಿಗಳನ್ನು ‘ಮಾಯವಾದ ಕಂಪೆನಿಗಳು’ ಎಂದು ಸರ್ಕಾರವೇ ಪಟ್ಟಿ ಮಾಡಬೇಕಾಯಿತು.

ಎಷ್ಟು ಹಣ ಬೇಕು?

ತಿಂಗಳಿಗೆ 10,000 ರೂ., ಅಂದರೆ ವರ್ಷಕ್ಕೆ 1.20 ಲಕ್ಷ ರೂ. ಲಾಭಾಂಶ ಬೇಕೆನ್ನೋಣ. ಸರಾಸರಿ ಇಳುವರಿ ಶೇ. 3 ಇದ್ದರೆ 40 ಲಕ್ಷ ರೂ. ಹೂಡಿಕೆ ಬೇಕು. ನಿಫ್ಟಿ ಸೂಚ್ಯಂಕದ ಐವತ್ತು ಕಂಪೆನಿಗಳ ಸರಾಸರಿ ಇಳುವರಿ ಇತ್ತೀಚಿನ ವರ್ಷಗಳಲ್ಲಿ ಶೇ. 1ರಿಂದ 1.5ರ ನಡುವೆ ಇದೆ. ಆ ಲೆಕ್ಕದಲ್ಲಿ 80 ಲಕ್ಷ ರೂ.ಗೂ ಮೇಲೆ ಬೇಕಾಗುತ್ತದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆ 2025ರಲ್ಲಿ ಶೇ. 8.2 ಬಡ್ಡಿ ನೀಡುತ್ತಿತ್ತು. ಅದರಲ್ಲಿ 15 ಲಕ್ಷ ರೂ. ಇಟ್ಟರೂ ಇಷ್ಟು ಆದಾಯ ಬರುತ್ತದೆ. ಆದ್ದರಿಂದ ನಾಳೆಯೇ ಖರ್ಚಿಗೆ ಹಣ ಬೇಕಾದ ಅರವತ್ತರ ಹರೆಯದವರು ಇಡೀ ಇಡುಗಂಟನ್ನು ಲಾಭಾಂಶದ ಷೇರುಗಳಿಗೆ ಸುರಿಯುವುದರಲ್ಲಿ ಅರ್ಥವಿಲ್ಲ. ಷೇರಿನ ಬಲವಿರುವುದು ಬೇರೆಡೆ: ಠೇವಣಿಯ ಬಡ್ಡಿ ಹತ್ತು ವರ್ಷವಾದರೂ ಅಷ್ಟೇ, ಬೆಳೆಯುವ ಕಂಪೆನಿಯ ಲಾಭಾಂಶ ವರ್ಷಕ್ಕೆ ಶೇ. 10ರಂತೆ ಏರಿದರೂ ಏಳು ವರ್ಷ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಮೂವತ್ತು, ನಲವತ್ತರ ವಯಸ್ಸಿನವರು ಸಂಬಳದಲ್ಲಿ ಮಿಗಿಸಿ ಸ್ವಲ್ಪ ಸ್ವಲ್ಪವಾಗಿ ಕೂಡಿಸುತ್ತಾ, ಬಂದ ಲಾಭಾಂಶವನ್ನೂ ಮರಳಿ ಷೇರಿಗೇ ಹಾಕುತ್ತಾ ಹೋದರೆ ಈ ಮಾರ್ಗ ಫಲ ಕೊಡುತ್ತದೆ. ಹತ್ತು ಹನ್ನೆರಡು ಕಂಪೆನಿಗಳು, ಐದಾರು ಬೇರೆಬೇರೆ ವಲಯಗಳು ಇದ್ದರೆ ಒಂದು ಕೈಕೊಟ್ಟರೂ ಇನ್ನೊಂದು ತಡೆಯುತ್ತದೆ.

ಷೇರುಗಳನ್ನು ತಾವೇ ಆರಿಸಲು ಪುರುಸೊತ್ತಿಲ್ಲದವರಿಗೆ ಡಿವಿಡೆಂಡ್ ಯೀಲ್ಡ್ ವರ್ಗದ ಮ್ಯೂಚುವಲ್ ಫಂಡ್‌ಗಳಿವೆ. ಆದರೆ ಫಂಡ್‌ಗಳು ಹಂಚುವ ‘ಲಾಭಾಂಶ’ ಬೇರೆಯದೇ ವಸ್ತು. ಅದರಲ್ಲಿ ಹೂಡಿಕೆದಾರನ ಸ್ವಂತ ಅಸಲೂ ಸೇರಿರಬಹುದಾದ್ದರಿಂದ ಸೆಬಿ 2021ರ ಏಪ್ರಿಲ್‌ನಿಂದ ಆ ಆಯ್ಕೆಯ ಹೆಸರನ್ನೇ ಬದಲಾಯಿಸಿ, ಆದಾಯ ಹಂಚಿಕೆ ಮತ್ತು ಬಂಡವಾಳ ಹಿಂತೆಗೆತ ಎಂದು ಕರೆಯುವಂತೆ ಮಾಡಿತು.

ದಿನಾಂಕ ಮತ್ತು ತೆರಿಗೆ

ಲಾಭಾಂಶ ಪಡೆಯಲು ಕಂಪೆನಿ ಗೊತ್ತುಪಡಿಸಿದ ದಾಖಲೆ ದಿನದಂದು ಷೇರು ನಮ್ಮ ಡಿಮ್ಯಾಟ್ ಖಾತೆಯಲ್ಲಿರಬೇಕು. 2023ರ ಜನವರಿಯಿಂದ ವಹಿವಾಟಿನ ಮರುದಿನವೇ ಷೇರು ಖಾತೆಗೆ ಬರುವುದರಿಂದ, ದಾಖಲೆ ದಿನದ ಹಿಂದಿನ ವಹಿವಾಟು ದಿನದೊಳಗೆ ಖರೀದಿ ಮುಗಿದಿರಬೇಕು. ಹಿಂದಿನ ದಿನ ಕೊಂಡು ಲಾಭಾಂಶ ಗಿಟ್ಟಿಸಿ ಮಾರುವ ಜಾಣತನ ಸಾಮಾನ್ಯವಾಗಿ ಫಲಿಸುವುದಿಲ್ಲ. ಲಾಭಾಂಶದಷ್ಟೇ ಮೊತ್ತ ಷೇರಿನ ಬೆಲೆಯಿಂದ ಇಳಿಯುತ್ತದೆ, ತೆರಿಗೆ ಮಾತ್ರ ಹೆಚ್ಚುವರಿಯಾಗಿ ಉಳಿಯುತ್ತದೆ.

2020ರ ಮಾರ್ಚ್‌ವರೆಗೆ ಕಂಪೆನಿಯೇ ಲಾಭಾಂಶ ವಿತರಣಾ ತೆರಿಗೆ ಕಟ್ಟುತ್ತಿದ್ದುದರಿಂದ ಸಾಮಾನ್ಯ ಹೂಡಿಕೆದಾರನಿಗೆ ಅದು ತೆರಿಗೆಮುಕ್ತವಾಗಿತ್ತು. ಆ ವರ್ಷದ ಏಪ್ರಿಲ್ 1ರಿಂದ ಅದು ಷೇರುದಾರನ ಆದಾಯಕ್ಕೆ ಸೇರಿ, ಅವರವರ ಹಂತಕ್ಕೆ ತಕ್ಕಂತೆ ತೆರಿಗೆಗೊಳಪಡುತ್ತದೆ. ಶೇ. 30ರ ಹಂತದಲ್ಲಿರುವವರಿಗೆ ಶೇ. 4ರ ಇಳುವರಿ ಸೆಸ್ ಕಳೆದು ಸುಮಾರು 2.75ಕ್ಕೆ ಇಳಿಯುತ್ತದೆ. ಒಂದು ಕಂಪೆನಿಯಿಂದ ವರ್ಷಕ್ಕೆ 10,000 ರೂ. ಮೀರಿ ಬಂದರೆ ಶೇ. 10ರಷ್ಟನ್ನು ಮೂಲದಲ್ಲೇ ಮುರಿದುಕೊಳ್ಳಲಾಗುತ್ತದೆ; 2025ರ ಏಪ್ರಿಲ್‌ಗೆ ಮುನ್ನ ಈ ಮಿತಿ 5,000 ರೂ. ಇತ್ತು. ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ಹಣಕಾಸು ವರ್ಷದಿಂದ 12 ಲಕ್ಷ ರೂ.ವರೆಗಿನ ಆದಾಯಕ್ಕೆ ರಿಯಾಯಿತಿ ಇದ್ದು, ಲಾಭಾಂಶವೂ ಅದರ ವ್ಯಾಪ್ತಿಗೆ ಬರುತ್ತದೆ. ಇಂಥವರು ಮುರಿದುಕೊಂಡ ಹಣವನ್ನು ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು. ಕೊಲ್ಲಿ ರಾಷ್ಟ್ರಗಳಲ್ಲಿರುವ ಕನ್ನಡಿಗರಿಗೆ ಸಾಮಾನ್ಯ ಕಡಿತ ಶೇ. 20 ಮತ್ತು ಸೆಸ್. ಸಂಯುಕ್ತ ಅರಬ್ ಎಮಿರೇಟ್ಸ್‌ನೊಂದಿಗಿನ ಒಪ್ಪಂದದಂತೆ ಅಲ್ಲಿನ ನಿವಾಸಿಗಳು ತೆರಿಗೆ ನಿವಾಸ ಪ್ರಮಾಣಪತ್ರ ಒದಗಿಸಿದರೆ ಶೇ. 10ರ ದರ ಕೇಳಬಹುದು.

ಪೆಟ್ಟಿಗೆಯಲ್ಲಿ ಉಳಿದ ಕಾಗದಗಳು

ಕರ್ನಾಟಕದ, ಅದರಲ್ಲೂ ಅವಿಭಜಿತ ದಕ್ಷಿಣ ಕನ್ನಡದ ಮನೆಗಳಲ್ಲಿ ಲಾಭಾಂಶವೆಂದರೆ ಮೊದಲು ನೆನಪಾಗುವುದು ಬ್ಯಾಂಕ್ ಷೇರುಗಳು. ಆ ನೆಲದಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಪ್ರತಿ 1,000 ಷೇರುಗಳಿಗೆ ವಿಜಯಾ ಬ್ಯಾಂಕಿನವರಿಗೆ 402 ಬರೋಡಾ ಷೇರು, ಸಿಂಡಿಕೇಟ್‌ನವರಿಗೆ 158 ಕೆನರಾ ಷೇರು, ಕಾರ್ಪೊರೇಷನ್‌ನವರಿಗೆ 330 ಯೂನಿಯನ್ ಷೇರು ದೊರೆತವು. ಹೆಸರು ಹೋದರೂ ಹಕ್ಕು ಹೋಗಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಸಿಂಡಿಕೇಟ್ ಷೇರು ಪತ್ರ ಸಿಕ್ಕರೆ ಅದನ್ನು ರದ್ದಿಗೆ ಹಾಕಬಾರದು.

ಏಕೆಂದರೆ ಕಾಲ ಇಲ್ಲಿ ಸುಮ್ಮನಿರುವುದಿಲ್ಲ. ಯಾರೂ ಪಡೆಯದ ಲಾಭಾಂಶ ಏಳು ವರ್ಷಗಳ ಬಳಿಕ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತದೆ. ಸತತ ಏಳು ವರ್ಷ ಲಾಭಾಂಶ ಪಡೆಯದಿದ್ದರೆ ಷೇರುಗಳೂ ಅದೇ ನಿಧಿಗೆ ವರ್ಗವಾಗುತ್ತವೆ. ಬ್ಯಾಂಕ್ ಖಾತೆ ಮುಚ್ಚಿದ್ದು, ವಿಳಾಸ ಬದಲಾದದ್ದು, ಮನೆಯ ಯಜಮಾನ ತೀರಿಕೊಂಡು ಮಕ್ಕಳಿಗೆ ವಿಷಯವೇ ತಿಳಿಯದಿದ್ದದ್ದು ಇದಕ್ಕೆ ಸಾಮಾನ್ಯ ಕಾರಣಗಳು. ಕಾಗದ ರೂಪದ ಷೇರುಗಳ ವರ್ಗಾವಣೆ 2019ರ ಏಪ್ರಿಲ್‌ನಿಂದ ನಿಂತಿದೆ. 2024ರ ಏಪ್ರಿಲ್‌ನಿಂದ ಪ್ಯಾನ್, ಬ್ಯಾಂಕ್ ಖಾತೆಯ ವಿವರ ಸಲ್ಲಿಸದ ಕಾಗದ ಷೇರುದಾರರಿಗೆ ಲಾಭಾಂಶವನ್ನೂ ತಡೆಹಿಡಿಯಲಾಗುತ್ತಿದೆ.

ನಿಧಿಗೆ ಹೋದದ್ದನ್ನು ಮರಳಿ ಪಡೆಯಲು ಅವಕಾಶವಿದೆ. ಮೊದಲು ಸಂಬಂಧಪಟ್ಟ ಕಂಪೆನಿಯ ಅಥವಾ ಅದರ ಷೇರು ರಿಜಿಸ್ಟ್ರಾರ್‌ರಿಂದ ಹಕ್ಕಿನ ಪತ್ರ ಪಡೆದು, ಬಳಿಕ ನಿಧಿ ಪ್ರಾಧಿಕಾರಕ್ಕೆ ಐಇಪಿಎಫ್-5 ನಮೂನೆಯಲ್ಲಿ ಆನ್‌ಲೈನ್ ಅರ್ಜಿ ಸಲ್ಲಿಸಬೇಕು. ಪ್ರತಿ ಕಂಪೆನಿಯೂ ಪಾವತಿಯಾಗದ ಲಾಭಾಂಶದ ಪಟ್ಟಿಯನ್ನು ತನ್ನ ವೆಬ್‌ಸೈಟ್‌ನಲ್ಲಿ ಪ್ರಕಟಿಸಿರುತ್ತದೆ. ಹೊಸದಾಗಿ ಷೇರು ಕೊಳ್ಳುತ್ತಿರುವವರು ಡಿಮ್ಯಾಟ್ ಖಾತೆಗೆ ನಾಮನಿರ್ದೇಶನ ಮಾಡಿ, ಚಾಲ್ತಿಯಲ್ಲಿರುವ ಬ್ಯಾಂಕ್ ಖಾತೆಯನ್ನು ಜೋಡಿಸಿ, ಯಾವ ಕಂಪೆನಿಯಿಂದ ಯಾವ ತಿಂಗಳಲ್ಲಿ ಎಷ್ಟು ಬರಬೇಕೆಂಬುದನ್ನು ಮನೆಯವರಿಗೂ ಓದಲು ಬರುವಂತೆ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಈ ಅಲೆದಾಟದ ಪ್ರಮೇಯವೇ ಬರುವುದಿಲ್ಲ.